ಇಂಗ್ಲಿಷ್ ನುಡಿಗಟ್ಟು: ಅರ್ಥ ಗೊತ್ತಾದರೆ ಸಾಲದು, ಬಳಸುವ ಬಗೆ ತಿಳಿಯಬೇಕು

ಕಾಲ್ ಮುಗಿಯುವ ಹೊತ್ತಿಗೆ ಅಮೆರಿಕದ ಕ್ಲೈಂಟ್ "ಲೆಟ್ಸ್ ಟಚ್ ಬೇಸ್ ಆನ್ ಮಂಡೇ, ಎ ಬಾಲ್‌ಪಾರ್ಕ್ ಈಸ್ ಫೈನ್" ಎಂದರೆ ನಿಮಗೆ ಎರಡು ಕೆಲಸ ಹೇಳಿದ್ದಾರೆ. ಸೋಮವಾರ ಐದು ಹತ್ತು ನಿಮಿಷ ಮಾತಾಡಬೇಕು, ಅಷ್ಟರೊಳಗೆ ಸುಮಾರು ಎಷ್ಟು ಖರ್ಚಾಗುತ್ತದೆ ಎಂದು ಅಂದಾಜು ಮಾಡಿರಬೇಕು. ಆ ಮಾತಿನಲ್ಲಿ ಕಷ್ಟದ ಪದ ಒಂದೂ ಇಲ್ಲ. ಬಿಡಿಬಿಡಿಯಾಗಿ ಎಲ್ಲ ಗೊತ್ತು, ಒಟ್ಟಿಗೆ ಕೇಳಿದಾಗ ಮಾತ್ರ ಏನು ಹೇಳಿದರೆಂದು ಹೊಳೆಯುವುದಿಲ್ಲ.

ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ಎಡವುತ್ತಾರೆ. ಅವರು ಎಡವುವುದು ಅರ್ಥದಲ್ಲಿ ಅಲ್ಲ, ಅರ್ಥ ನಿಘಂಟಿನಲ್ಲಿ ಒಂದು ಸಾಲಿನಲ್ಲಿ ಸಿಗುತ್ತದೆ. ಅದರ ಹಿಂದೆ ಮುಂದೆ ಯಾವ ಪದ ಬರಬೇಕು, ಯಾರು ಯಾರಿಗೆ ಅದನ್ನು ಹೇಳಬಹುದು, ಯಾವ ದೇಶದವರಿಗೆ ಅದು ತಿಳಿಯುತ್ತದೆ ಎಂಬುದನ್ನು ಆ ಒಂದು ಸಾಲು ಹೇಳುವುದಿಲ್ಲ. ಆದ್ದರಿಂದ ಕೇಳಿ ತಿಳಿಯುವುದಕ್ಕೆ ನೂರಾರು ನುಡಿಗಟ್ಟು ಗೊತ್ತಿರಲಿ, ಆಡುವುದಕ್ಕೆ ಇಪ್ಪತ್ತು ಸಾಕು. ಆ ಇಪ್ಪತ್ತು ಮಾತ್ರ ಚೆನ್ನಾಗಿ ಪಳಗಿರಬೇಕು.

ಕಿವಿಗೆ ಬಿದ್ದಾಗ

ಬಜೆಟ್ ಮಾತಿನ ನಡುವೆ ಇದ್ದಕ್ಕಿದ್ದಂತೆ ಹಣ್ಣು, ಬಸ್ಸು, ಬೇಲಿ, ಚೆಂಡು ಬಂದರೆ ಅದು ನುಡಿಗಟ್ಟು. ಆಗ ಒಂದೊಂದೇ ಪದವನ್ನು ಕನ್ನಡಕ್ಕೆ ತಿರುಗಿಸುತ್ತಾ ಕೂತರೆ ಮುಂದಿನ ಎರಡು ವಾಕ್ಯ ಕೈತಪ್ಪಿ ಹೋಗುತ್ತವೆ. ಅದರ ಬದಲು ಹಿಂದಿನ ಮತ್ತು ಮುಂದಿನ ವಾಕ್ಯದಿಂದ ಅವರಿಗೆ ಬೇಕಾದದ್ದೇನು ಎಂದು ಹಿಡಿಯಿರಿ: ನನ್ನಿಂದ ಕೆಲಸ ಬೇಕೇ, ಒಪ್ಪಿಗೆ ಬೇಕೇ, ಅಥವಾ ಸುಮ್ಮನೆ ಒಂದು ಅಭಿಪ್ರಾಯ ಹೇಳಿದರೇ? ಆಮೇಲೆ ನೀವು ತಿಳಿದುಕೊಂಡದ್ದನ್ನು ಸರಳ ಮಾತಿನಲ್ಲಿ ಅವರಿಗೇ ಹೇಳಿ ಖಚಿತ ಮಾಡಿಕೊಳ್ಳಿ. "ಲೆಟ್ಸ್ ಗೋ ಫಾರ್ ದ ಲೋ-ಹ್ಯಾಂಗಿಂಗ್ ಫ್ರೂಟ್" ಎಂದರೆ ಕಡಿಮೆ ಶ್ರಮದಲ್ಲಿ ಬೇಗ ಫಲ ಕೊಡುವ ಕೆಲಸಗಳನ್ನು ಮೊದಲು ಮುಗಿಸೋಣ ಎಂದು. ನಿಮ್ಮ ಉತ್ತರ "ಸೋ ವಿ ಫಿಕ್ಸ್ ದ ಸ್ಮಾಲ್ ಬಗ್ಸ್ ಫಸ್ಟ್, ರೈಟ್?" ಎಂದಿರಲಿ. ನಿಮ್ಮ ಊಹೆ ತಪ್ಪಾಗಿದ್ದರೆ ಅಲ್ಲೇ ತಿದ್ದುತ್ತಾರೆ.

ಊಹಿಸಲಿಕ್ಕೂ ಆಗದಿದ್ದರೆ "ಸಾರಿ, ಐ ಡೋಂಟ್ ನೋ ದಟ್ ಎಕ್ಸ್‌ಪ್ರೆಶನ್, ವಾಟ್ ಡು ಯು ನೀಡ್ ಫ್ರಮ್ ಮಿ?" ಎಂದು ಕೇಳಿಬಿಡಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಲಂಡನ್ನಿನವರ ಮಾತು ಅಮೆರಿಕದವರಿಗೇ ಎಷ್ಟೋ ಸಲ ತಿಳಿಯುವುದಿಲ್ಲ. ತಿಳಿದವರಂತೆ "ಯಾ ಯಾ, ಶೂರ್" ಎಂದು ತಲೆಯಾಡಿಸಿದರೆ ಮಾತ್ರ ಕೆಲಸ ಕೆಡುತ್ತದೆ.

ಬಾಲ್‌ಪಾರ್ಕ್ ಎಂದು ಕೇಳಿದಾಗ ಎರಡು ಬಗೆಯ ತಪ್ಪಾಗುತ್ತದೆ. ಎರಡು ದಿನ ಕೂತು ಪೈಸೆ ಪೈಸೆ ಲೆಕ್ಕ ಹಾಕಿ ಒಂದೇ ಸಂಖ್ಯೆ ಕೊಡುವುದು ಮೊದಲನೆಯದು. ಅವರು ಕೇಳಿದ್ದು ನಾಲ್ಕರಿಂದ ಆರು ವಾರ ಎಂಬಂಥ ವ್ಯಾಪ್ತಿಯನ್ನು. ಎರಡನೆಯದು ಅದಕ್ಕಿಂತ ಅಪಾಯದ್ದು. ಬಾಯಿಮಾತಿನ ಅಂದಾಜನ್ನು ಹಾಗೆಯೇ ಮೇಲ್‌ನಲ್ಲಿ ಬರೆದುಬಿಟ್ಟರೆ ಅದೇ ಒಪ್ಪಿದ ದರವಾಗಿ ಕೂರುತ್ತದೆ. ಮೇಲ್‌ನಲ್ಲಿ "ದಿಸ್ ಈಸ್ ಓನ್ಲಿ ಎ ಬಾಲ್‌ಪಾರ್ಕ್" ಎಂದು ಬರೆದು, ಖಚಿತ ಅಂದಾಜು ಯಾವ ದಿನ ಕೊಡುತ್ತೀರಿ ಎಂಬುದನ್ನೂ ಸೇರಿಸಿ.

ಪ್ರಶ್ನೆಯಲ್ಲದ ಪ್ರಶ್ನೆ, ಅಪ್ಪಣೆಯಲ್ಲದ ಅಪ್ಪಣೆ

ಇಡೀ ವಾಕ್ಯವೇ ನುಡಿಗಟ್ಟಾಗಿರುವ ಮಾತುಗಳು ಕೇಳುಗರನ್ನು ಹೆಚ್ಚು ಪೇಚಿಗೆ ಸಿಕ್ಕಿಸುತ್ತವೆ. ನೀವು "ದ ಟ್ರಾಫಿಕ್ ವಾಸ್ ಟೆರಿಬಲ್" ಎನ್ನುತ್ತೀರಿ, ಎದುರಿನವರು "ಟೆಲ್ ಮಿ ಅಬೌಟ್ ಇಟ್" ಎನ್ನುತ್ತಾರೆ. ಅವರು ಟ್ರಾಫಿಕ್ ಕತೆ ಕೇಳುತ್ತಿಲ್ಲ. "ಅದನ್ನು ನನಗೆ ಹೇಳಬೇಕೆ, ನಾನೂ ಅದರಲ್ಲೇ ಸಿಕ್ಕಿಕೊಂಡಿದ್ದೆ" ಎಂಬುದು ಅದರ ಭಾವ. ಗುರುತು ದನಿಯಲ್ಲಿದೆ: ಒತ್ತು "ಮಿ" ಮೇಲೆ ಬಿದ್ದು ದನಿ ಇಳಿದರೆ ಅದು ನುಡಿಗಟ್ಟು. ನಕ್ಕು ತಲೆಯಾಡಿಸಿದರೆ ಸಾಕು. "ಯು ಕ್ಯಾನ್ ಸೇ ದಟ್ ಅಗೇನ್" ಎಂದವರೂ ಇನ್ನೊಮ್ಮೆ ಹೇಳಿ ಎನ್ನುತ್ತಿಲ್ಲ, ನೂರಕ್ಕೆ ನೂರು ಒಪ್ಪಿದೆ ಎನ್ನುತ್ತಿದ್ದಾರೆ. ಅಲ್ಲಿ ಒತ್ತು "ದಟ್" ಮೇಲೆ.

ಕಾಫಿ ಬೇಕೇ ಎಂದು ಕೇಳಿದಾಗ "ಐ ಆಮ್ ಗುಡ್" ಎಂದರೆ ಬೇಡ ಎಂದರ್ಥ. ಚಾರ್ಜರ್ ತೆಗೆದುಕೊಳ್ಳಲೇ ಎಂದಾಗ "ಬಿ ಮೈ ಗೆಸ್ಟ್" ಎಂದರೆ ಧಾರಾಳವಾಗಿ ತಗೊಳ್ಳಿ ಎಂದರ್ಥ, ಮನೆಗೆ ಕರೆಯುತ್ತಿಲ್ಲ. "ಸೂಟ್ ಯುವರ್‌ಸೆಲ್ಫ್" ಕೂಡ ನಿಮ್ಮಿಷ್ಟ ಎಂದೇ, ಆದರೆ ಅದರಲ್ಲಿ ತುಸು ಅಸಮಾಧಾನ ಇದೆ. ಮ್ಯಾನೇಜರ್‌ಗಾಗಲಿ ಕ್ಲೈಂಟಿಗಾಗಲಿ ಅದನ್ನು ಹೇಳಬೇಡಿ.

ಯಾರ ವಿಷಯ ಮಾತಾಡುತ್ತಿದ್ದೆವೋ ಅವರೇ ಬಂದುಬಿಟ್ಟರೆ ನಾವು "ನೂರು ವರ್ಷ ಆಯಸ್ಸು" ಎಂದು ಹರಸುತ್ತೇವೆ. ಅದೇ ಗಳಿಗೆಯಲ್ಲಿ ಇಂಗ್ಲಿಷಿನವರು "ಸ್ಪೀಕ್ ಆಫ್ ದ ಡೆವಿಲ್" ಎನ್ನುತ್ತಾರೆ. ಅದು ಬೈಗುಳವಲ್ಲ, ನಗುತ್ತಲೇ ಹೇಳುವ ಮಾತು. ಆದರೂ ಸಲಿಗೆ ಇರುವವರಿಗೆ ಮಾತ್ರ ಹೇಳಿ. ಹಿರಿಯರೋ ಹೊಸಬರೋ ಬಂದರೆ "ವಿ ವರ್ ಜಸ್ಟ್ ಟಾಕಿಂಗ್ ಅಬೌಟ್ ಯು" ಎನ್ನಿ. "ಬ್ರೇಕ್ ಎ ಲೆಗ್" ಎಂಬ ಹಾರೈಕೆ ರಂಗಭೂಮಿಯದು. ನಾಟಕ, ಸಂಗೀತ, ಹೆಚ್ಚೆಂದರೆ ವೇದಿಕೆಯ ಭಾಷಣ, ಅಲ್ಲಿಗೆ ನಿಲ್ಲಿಸಿ. ಪರೀಕ್ಷೆಗೆ ಹೋಗುವವರಿಗೆ "ಗುಡ್ ಲಕ್" ಸಾಕು. ಶಸ್ತ್ರಚಿಕಿತ್ಸೆಗೆ ಹೊರಟವರಿಗೆ ಕಾಲು ಮುರಿಯುವ ಮಾತು ಎತ್ತಲೇಬಾರದು.

"ಮೈ ಬ್ಯಾಡ್" ಎಂಬುದು ಚಿಕ್ಕ ತಪ್ಪಿಗೆ ಮಾತ್ರ: ತಪ್ಪು ಲಿಂಕ್ ಕಳಿಸಿದಿರಿ, ಮೈಕ್ ಮ್ಯೂಟ್‌ನಲ್ಲಿತ್ತು, ಅಂಥವಕ್ಕೆ. ಸರ್ವರ್ ಬಿದ್ದು ಗ್ರಾಹಕರ ವ್ಯವಹಾರ ನಿಂತಿರುವಾಗ ಹಾಗೆಂದರೆ ಹೊಣೆಗೇಡಿತನದಂತೆ ಕೇಳಿಸುತ್ತದೆ. ಅಲ್ಲಿ "ಐ ಆಮ್ ಸಾರಿ, ದಿಸ್ ವಾಸ್ ಮೈ ಮಿಸ್ಟೇಕ್" ಎಂದು ಪೂರ್ತಿ ಹೇಳಿ, ಸರಿಪಡಿಸಲು ಏನು ಮಾಡುತ್ತಿದ್ದೀರಿ ಎಂದೂ ತಿಳಿಸಬೇಕು.

ಅಚ್ಚು ಕೆಡಬಾರದು

ನುಡಿಗಟ್ಟಿನ ಪದಗಳನ್ನು ಬದಲಿಸುವಂತಿಲ್ಲ. ನಾವು ತಪ್ಪುವುದು ಮುಖ್ಯವಾಗಿ ಎರಡು ಕಡೆ, ಎರಡಕ್ಕೂ ಕಾರಣ ಕನ್ನಡದ ಜಾಯಮಾನ.

ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ಹಾಗಾಗಿ "ಎ", "ದ" ಎಲ್ಲಿ ಬೇಕೋ ಅಲ್ಲಿ ಬಿಟ್ಟುಹೋಗುತ್ತವೆ, ಬೇಡದ ಕಡೆ ನುಸುಳುತ್ತವೆ. "ಅಂಡರ್ ದ ವೆದರ್", ಅಂದರೆ ಮೈ ಸರಿಯಿಲ್ಲ, ಎಂಬಲ್ಲಿ "ದ" ಬೇಕೇ ಬೇಕು. "ಟಚ್ ಬೇಸ್" ಎಂಬಲ್ಲಿ "ದ" ಬರಬಾರದು. "ಎ ಪೀಸ್ ಆಫ್ ಕೇಕ್" ಎಂದರೆ ಬಾಳೆಹಣ್ಣು ಸುಲಿದಷ್ಟು ಸುಲಭ. ನಡುವೆ "ದ" ಸೇರಿಸಿ "ಎ ಪೀಸ್ ಆಫ್ ದ ಕೇಕ್" ಎಂದರೆ ಪಾಲು ಕೇಳುತ್ತಿದ್ದೀರಿ ಎಂದಾಗುತ್ತದೆ. "ಎ ಹೆಡ್ಸ್-ಅಪ್" ಎಂದರೆ ಮುನ್ಸೂಚನೆ. ಕೊನೆಗೆ "ಸ್" ಇದ್ದರೂ ಅದು ಏಕವಚನ, ಮುಂದೆ "ಎ" ಅಥವಾ "ದ" ಬರುತ್ತದೆ: "ಥ್ಯಾಂಕ್ಸ್ ಫಾರ್ ದ ಹೆಡ್ಸ್-ಅಪ್", "ಗಿವ್ ಮಿ ಎ ಹೆಡ್ಸ್-ಅಪ್". ಬಹಳ ದುಬಾರಿ ಎನ್ನಲು "ಇಟ್ ಕಾಸ್ಟ್ ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್" ಎನ್ನುತ್ತಾರೆ. ಒಂದೇ ಕೈ, ಒಂದೇ ಕಾಲು. ಬಹುವಚನ ಮಾಡಿದರೆ ಮಾತು ಕೆಡುತ್ತದೆ.

ಎರಡನೆಯದು "ಇಟ್". ಯಾವುದರ ಮಾತು ಎಂದು ಗೊತ್ತಿದ್ದರೆ ಕನ್ನಡದಲ್ಲಿ "ಅದನ್ನು" ಎಂಬುದು ಬೇಕಿಲ್ಲ, "ನೋಡೋಣ" ಎಂದರೆ ಮುಗಿಯಿತು. ಆ ಅಭ್ಯಾಸದಿಂದ "ಪ್ಲೇ ಇಟ್ ಬೈ ಇಯರ್" ಎಂಬುದು "ಪ್ಲೇ ಬೈ ಇಯರ್" ಆಗುತ್ತದೆ. "ಇಟ್" ಇದ್ದರೆ ಮೊದಲೇ ಗೊತ್ತುಮಾಡಿಕೊಳ್ಳದೆ ಆ ಹೊತ್ತಿಗೆ ತಕ್ಕಂತೆ ನೋಡಿಕೊಳ್ಳೋಣ ಎಂದು. "ಇಟ್" ಹೋದರೆ ಸ್ವರಲಿಪಿ ನೋಡದೆ ಕೇಳಿಯೇ ನುಡಿಸುವುದು ಎಂದು. "ಕಾಲ್ ಇಟ್ ಎ ಡೇ" ಎಂದರೆ ಇವತ್ತಿಗೆ ಸಾಕು ಮಾಡೋಣ. "ಸ್ಲೀಪ್ ಆನ್ ಇಟ್" ಎಂದರೆ ಒಂದು ರಾತ್ರಿ ಕಳೆಯಲಿ, ನಾಳೆ ತೀರ್ಮಾನಿಸೋಣ. "ವಿಂಗ್ ಇಟ್" ಎಂದರೆ ತಯಾರಿಯಿಲ್ಲದೆ ನಿಭಾಯಿಸುವುದು. ಇವುಗಳನ್ನೆಲ್ಲ "ಇಟ್" ಸಮೇತವೇ ಕಲಿಯಿರಿ.

ಕ್ರಿಯಾಪದದ ಕಾಲ ಬದಲಾಗಬಹುದು: "ಸ್ಪಿಲ್ ದ ಬೀನ್ಸ್" ಎಂಬುದು "ಹಿ ಸ್ಪಿಲ್ಡ್ ದ ಬೀನ್ಸ್" ಆಗುತ್ತದೆ, ಗುಟ್ಟು ಹೊರಗೆಡವಿದ. "ಪುಲ್ಲಿಂಗ್ ಮೈ ಲೆಗ್" ಎಂಬಲ್ಲಿ "ಮೈ" ಬದಲು "ಯುವರ್", "ಹಿಸ್" ಬರಬಹುದು. "ಓವರ್ ದ ಮೂನ್", ಅಂದರೆ ಬಹಳ ಖುಷಿ, ಎಂಬುದರ ಮುಂದೆ "ವೆರಿ" ಬರುವುದಿಲ್ಲ, "ಆ್ಯಬ್ಸಲ್ಯೂಟ್ಲಿ" ಬರುತ್ತದೆ. "ಅಂಡರ್ ದ ವೆದರ್" ಮುಂದೆಯೂ "ವೆರಿ" ಬೇಡ, "ಎ ಬಿಟ್" ಹೊಂದುತ್ತದೆ. ಜ್ವರ ನೂರಾ ಮೂರು ಇದ್ದಾಗ ಅದು ಹೊಂದುವುದಿಲ್ಲ, ನೆಗಡಿ, ಮೈಕೈ ನೋವಿನಂಥವಕ್ಕೇ ಆ ಮಾತು.

ಎರಡು ನುಡಿಗಟ್ಟುಗಳು ಬೆರೆತುಹೋಗುವುದೂ ಉಂಟು. "ವಿ ವಿಲ್ ಕ್ರಾಸ್ ದಟ್ ಬ್ರಿಡ್ಜ್ ವೆನ್ ವಿ ಕಮ್ ಟು ಇಟ್" ಎಂದರೆ ಆ ತೊಡಕು ಬಂದಾಗ ನೋಡಿಕೊಳ್ಳೋಣ. "ಬರ್ನ್ ಬ್ರಿಡ್ಜಸ್" ಎಂದರೆ ಮರಳಿ ಸೇರಲಾಗದಂತೆ ಸಂಬಂಧ ಕೆಡಿಸಿಕೊಳ್ಳುವುದು. ಎರಡರಲ್ಲೂ ಸೇತುವೆ ಇರುವುದರಿಂದ ಆತುರದಲ್ಲಿ ಒಂದರ ಬಾಲ ಇನ್ನೊಂದಕ್ಕೆ ಅಂಟುತ್ತದೆ.

ಇನ್ನು ಕೆಲವು "ಇಲ್ಲ" ಎಂಬುದರ ಜೊತೆಗೇ ಬದುಕುವಂಥವು. "ನಾಟ್ ಮೈ ಕಪ್ ಆಫ್ ಟೀ" ಎಂದರೆ ಅದು ನನ್ನ ಅಭಿರುಚಿಯದಲ್ಲ. ಇಷ್ಟ ಎನ್ನಲು "ಇಟ್ ಈಸ್ ಮೈ ಕಪ್ ಆಫ್ ಟೀ" ಎಂದು ತಿರುಗಿಸುವವರು ಅಪರೂಪ. "ಡಿಡ್‌ನ್ಟ್ ಸ್ಲೀಪ್ ಎ ವಿಂಕ್" ಇದೆ, ರೆಪ್ಪೆಗೆ ರೆಪ್ಪೆ ಹತ್ತಲಿಲ್ಲ ಎಂದು. "ಐ ಸ್ಲೆಪ್ಟ್ ಎ ವಿಂಕ್" ಎಂಬುದಿಲ್ಲ. "ಡಿಡ್‌ನ್ಟ್ ಲಿಫ್ಟ್ ಎ ಫಿಂಗರ್", ಅಂದರೆ ಒಂದು ಕಡ್ಡಿಯನ್ನೂ ಎತ್ತಿಡಲಿಲ್ಲ, ಇದೂ ಅದೇ ಜಾತಿ. "ಸೀ ಐ ಟು ಐ" ಎಂಬುದು ಒಮ್ಮತ ಇಲ್ಲ ಎನ್ನಲು ಹೆಚ್ಚು ಬಳಕೆ: "ವಿ ಡೋಂಟ್ ಸೀ ಐ ಟು ಐ ಆನ್ ದಿಸ್".

ಕನ್ನಡದ ಕೈ ಕಾಲು, ಇಂಗ್ಲಿಷಿನ ಕೈ ಕಾಲು

ಮೈಯ ಅಂಗಗಳ ನುಡಿಗಟ್ಟು ಎರಡೂ ಭಾಷೆಯಲ್ಲಿ ಸಮೃದ್ಧ. ಕೆಲವು ಚೆನ್ನಾಗಿ ಹೊಂದುತ್ತವೆ. ಮೂಗು ತೂರಿಸುವುದು, ಬೆನ್ನು ತಟ್ಟುವುದು, ಕಿವಿಗೊಡುವುದು, ಯಾವುದೋ ವಿಷಯದಿಂದ ಕೈ ತೊಳೆದುಕೊಳ್ಳುವುದು, ಇವು ಅಲ್ಲಿಯೂ ಅದೇ ಅರ್ಥದಲ್ಲಿವೆ. ಆ ಧೈರ್ಯದಿಂದ ಉಳಿದವನ್ನೂ ಹಾಗೆಯೇ ತಿರುಗಿಸಿದರೆ ಮಾತು ತಲೆಕೆಳಗಾಗುತ್ತದೆ.

"ಅವನು ಕೈ ಕೊಟ್ಟ" ಎಂದರೆ ನಂಬಿಸಿ ಕೈಬಿಟ್ಟ ಎಂದು ತಾನೇ? ಇಂಗ್ಲಿಷಿನಲ್ಲಿ "ಹಿ ಗೇವ್ ಮಿ ಎ ಹ್ಯಾಂಡ್" ಎಂದರೆ ನೆರವಾದ. "ಗಿವ್ ಹರ್ ಎ ಬಿಗ್ ಹ್ಯಾಂಡ್" ಎಂದರೆ ಜೋರಾಗಿ ಚಪ್ಪಾಳೆ ತಟ್ಟಿ. ಕೈಕೊಟ್ಟವನನ್ನು ದೂರುವಾಗ "ಹಿ ಲೆಟ್ ಮಿ ಡೌನ್" ಎನ್ನಬೇಕು. ಬೈಕು ದಾರಿಯಲ್ಲಿ ಕೈಕೊಟ್ಟರೆ "ಇಟ್ ಬ್ರೋಕ್ ಡೌನ್".

ಹೊಟ್ಟೆಕಿಚ್ಚು ನಮಗೆ ಅಸೂಯೆ. "ಫೈರ್ ಇನ್ ದ ಬೆಲಿ" ಎಂದರೆ ಸಾಧಿಸಬೇಕೆಂಬ ಛಲ. ಅಪ್ರೈಸಲ್‌ನಲ್ಲಿ ನಿಮ್ಮ ಬಗ್ಗೆ ಹಾಗೆ ಬರೆದಿದ್ದರೆ ಅದು ಮೆಚ್ಚುಗೆ. ಅಸೂಯೆಗೆ ಅವರದು "ಗ್ರೀನ್ ವಿತ್ ಎನ್ವಿ".

ಕಾಲೆಳೆಯುವುದಕ್ಕೆ ಕನ್ನಡದಲ್ಲಿ ಎರಡು ಅರ್ಥ: ತಮಾಷೆಗೆ ರೇಗಿಸುವುದು ಒಂದು, ಮೇಲೇರುವವರನ್ನು ಕೆಳಕ್ಕೆಳೆಯುವುದು ಇನ್ನೊಂದು. "ಪುಲ್ ಸಮ್‌ವನ್ಸ್ ಲೆಗ್" ಎಂಬುದಕ್ಕೆ ಮೊದಲನೆಯದಷ್ಟೇ ಇದೆ, ಅದರಲ್ಲೂ ಸುಳ್ಳನ್ನು ನಿಜವೆಂದು ನಂಬಿಸಿ ನಗುವುದು. ಆಫೀಸಿನ ರಾಜಕೀಯವನ್ನು ವಿವರಿಸುತ್ತಾ "ದೇ ಆರ್ ಪುಲ್ಲಿಂಗ್ ಮೈ ಲೆಗ್" ಎಂದರೆ ನಿಮ್ಮ ಸಂಕಟವನ್ನು ಅವರು ತಮಾಷೆಯೆಂದು ತಿಳಿಯುತ್ತಾರೆ. "ದೇ ಆರ್ ಅಂಡರ್‌ಮೈನಿಂಗ್ ಮಿ" ಎನ್ನಿ. ತನ್ನ ತಪ್ಪು ಮುಚ್ಚಿಕೊಳ್ಳಲು ನಿಮ್ಮನ್ನು ಬಲಿಕೊಟ್ಟಿದ್ದರೆ "ಹಿ ಥ್ರೂ ಮಿ ಅಂಡರ್ ದ ಬಸ್" ಎಂಬುದಿದೆ. ಅದು ಕಟುವಾದ ಆರೋಪ, ಸಹೋದ್ಯೋಗಿಯ ಹತ್ತಿರ ಖಾಸಗಿಯಾಗಿ ಆಡಬಹುದು, ಮೀಟಿಂಗಿನಲ್ಲಿ ಬೇಡ.

"ತಲೆ ತಿನ್ನಬೇಡ" ಎಂಬುದರಿಂದ ಬಂದ "ಡೋಂಟ್ ಈಟ್ ಮೈ ಹೆಡ್" ನಮ್ಮ ದೇಶದಲ್ಲಿ ನಡೆಯುತ್ತದೆ, ಸಮುದ್ರ ದಾಟಿದರೆ ಯಾರಿಗೂ ತಿಳಿಯದು. "ಸ್ಟಾಪ್ ಬಗ್ಗಿಂಗ್ ಮಿ" ಸರಿ, ಅದೂ ಗೆಳೆಯರ ನಡುವೆ. "ತಲೆ ಕೆಡಿಸಿಕೊಳ್ಳಬೇಡಿ" ಎನ್ನಲು "ಡೋಂಟ್ ಲೂಸ್ ಸ್ಲೀಪ್ ಓವರ್ ಇಟ್". ಕಣ್ಣಿನ ಎರಡು ಮಾತುಗಳ ವ್ಯತ್ಯಾಸ ಮುಖ್ಯ. "ಕೀಪ್ ಆ್ಯನ್ ಐ ಆನ್ ದ ಬ್ಯಾಗ್" ಎಂದರೆ ಬ್ಯಾಗಿನ ಮೇಲೆ ನಿಗಾ ಇರಲಿ. "ಐ ಹ್ಯಾವ್ ಮೈ ಐ ಆನ್ ದಟ್ ಬ್ಯಾಗ್" ಎಂದರೆ ಅದರ ಮೇಲೆ ಕಣ್ಣು ಹಾಕಿದ್ದೇನೆ, ಕೊಳ್ಳುವ ಆಸೆಯಿದೆ. ಹಾಗೆಯೇ "ಕೋಲ್ಡ್ ಫೀಟ್". ನಮ್ಮಲ್ಲಿ ಕೆಟ್ಟ ಸುದ್ದಿ ಕೇಳಿ ಕೈಕಾಲು ತಣ್ಣಗಾಗುತ್ತದೆ. ಅದು ಹಠಾತ್ ಭಯ. "ಹಿ ಗಾಟ್ ಕೋಲ್ಡ್ ಫೀಟ್" ಎಂದರೆ ಮದುವೆ, ಹೊಸ ಕೆಲಸ, ಮನೆ ಖರೀದಿಯಂಥ ದೊಡ್ಡ ಹೆಜ್ಜೆಗೆ ಒಪ್ಪಿ, ಹತ್ತಿರ ಬಂದಾಗ ಅಳುಕಿ ಹಿಂಜರಿದ.

"ಐ ಪಾಸ್ಡ್ ಔಟ್ ಇನ್ 2015" ಎಂಬುದು ಇಲ್ಲಿನ ಕಾಲೇಜುಗಳ ಮಾತು. ಬ್ರಿಟಿಷರಿಗೂ ಅಮೆರಿಕದವರಿಗೂ ಅದು ಪ್ರಜ್ಞೆ ತಪ್ಪಿದ ಸುದ್ದಿಯಂತೆ ಕೇಳುತ್ತದೆ. "ಗ್ರ್ಯಾಜುಯೇಟೆಡ್" ಎನ್ನಿ. "ಔಟ್ ಆಫ್ ಸ್ಟೇಷನ್" ಬದಲು "ಔಟ್ ಆಫ್ ಟೌನ್".

ಕ್ರಿಕೆಟ್ ಮೈದಾನವೋ ಬೇಸ್‌ಬಾಲ್ ಮೈದಾನವೋ

ಅಮೆರಿಕನ್ ಆಡುಮಾತಿನ ದೊಡ್ಡ ಪಾಲು ಬೇಸ್‌ಬಾಲ್‌ನಿಂದ ಬಂದದ್ದು. ಟಚ್ ಬೇಸ್, ಬಾಲ್‌ಪಾರ್ಕ್, ಕರ್ವ್‌ಬಾಲ್, ಎಲ್ಲ ಅಲ್ಲಿಯವೇ. ಬಾಲ್‌ಪಾರ್ಕ್ ಎಂದರೆ ಬೇಸ್‌ಬಾಲ್ ಮೈದಾನ. "ಇನ್ ದ ಬಾಲ್‌ಪಾರ್ಕ್" ಎಂದರೆ ನಿಖರ ಅಲ್ಲದಿದ್ದರೂ ಮೈದಾನದ ಒಳಗಿದೆ, ತೀರ ದೂರವಿಲ್ಲ. ರೇನ್ ಚೆಕ್ ಎಂಬುದು 1880ರ ದಶಕದ್ದು. ಮಳೆ ಬಂದು ಆಟ ನಿಂತರೆ ಇನ್ನೊಂದು ದಿನದ ಆಟಕ್ಕೆ ಬರಲು ಪ್ರೇಕ್ಷಕರಿಗೆ ಚೀಟಿ ಕೊಡುತ್ತಿದ್ದರು. ಈಗ ಊಟಕ್ಕೆ ಕರೆದಾಗ "ಕ್ಯಾನ್ ಐ ಟೇಕ್ ಎ ರೇನ್ ಚೆಕ್?" ಎಂದರೆ ಇವತ್ತು ಆಗುವುದಿಲ್ಲ, ಇನ್ನೊಮ್ಮೆ ಖಂಡಿತ ಎಂದು. ಹೋಗುವ ಮನಸ್ಸು ನಿಜವಾಗಿ ಇದ್ದರೆ ಮಾತ್ರ ಬಳಸಿ, ಜೊತೆಗೆ ಒಂದು ದಿನವನ್ನೂ ಸೂಚಿಸಿ. ಇಲ್ಲದಿದ್ದರೆ ಅದು ತಪ್ಪಿಸಿಕೊಳ್ಳುವ ಮಾತಾಗುತ್ತದೆ.

ನಮಗೆ ಕ್ರಿಕೆಟ್ ಸಹಜ. "ಹಿ ಥ್ರೂ ಎ ಗೂಗ್ಲಿ", ಅಂದರೆ ಎಣಿಸದ ತೊಡಕು ತಂದಿಟ್ಟ, ಎಂದು ಬೆಂಗಳೂರಿನಲ್ಲಿ ಹೇಳಿದರೆ ಎಲ್ಲರಿಗೂ ಗೊತ್ತು, ಲಂಡನ್ನಿನಲ್ಲೂ ಗೊತ್ತಾಗುತ್ತದೆ. ಚಿಕಾಗೋದವರಿಗೆ "ಹಿ ಥ್ರೂ ಅಸ್ ಎ ಕರ್ವ್‌ಬಾಲ್" ಎನ್ನಬೇಕು. "ಸ್ಟಿಕಿ ವಿಕೆಟ್", ಅಂದರೆ ಇಕ್ಕಟ್ಟಿನ ಪರಿಸ್ಥಿತಿ, ಮಳೆಯಲ್ಲಿ ನೆನೆದು ಒಣಗುತ್ತಿರುವ ಪಿಚ್‌ನಲ್ಲಿ ಚೆಂಡು ಹೇಗೆಂದರೆ ಹಾಗೆ ಪುಟಿಯುವುದರಿಂದ ಬಂದದ್ದು. ಅದು ಬ್ರಿಟಿಷರಿಗೆ ಸಲ್ಲುವ ಮಾತು.

ಕ್ರಿಕೆಟ್ ಬಲ್ಲವರನ್ನೂ ಬೀಳಿಸುವ ಒಂದು ಮಾತಿದೆ. ಸಿಕ್ಸ್ ಎಂದರೆ ನಮಗೆ ಗೆಲುವು, ಸಂಭ್ರಮ. ಬ್ರಿಟಿಷ್ ಇಂಗ್ಲಿಷಿನಲ್ಲಿ "ದ ನ್ಯೂಸ್ ನಾಕ್ಡ್ ಹರ್ ಫಾರ್ ಸಿಕ್ಸ್" ಎಂದರೆ ಸುದ್ದಿ ಕೇಳಿ ಅವಳು ತತ್ತರಿಸಿಹೋದಳು. ಅಲ್ಲಿ ಅವಳು ಬ್ಯಾಟ್ಸ್‌ಮನ್ ಅಲ್ಲ, ಹೊಡೆಸಿಕೊಂಡ ಚೆಂಡು. ಮೆಚ್ಚುಗೆಗೆ ಅದನ್ನು ಬಳಸಿಬಿಟ್ಟರೆ ಕೇಳಿದವರು ಗಾಬರಿಯಾಗುತ್ತಾರೆ. ಅಮೋಘವಾಗಿ ಮಾಡಿದಿರಿ ಎನ್ನಲು ಅಮೆರಿಕದ "ಯು ನಾಕ್ಡ್ ಇಟ್ ಔಟ್ ಆಫ್ ದ ಪಾರ್ಕ್" ಸರಿಹೊಂದುತ್ತದೆ. ಬ್ಯಾಟಿನಲ್ಲೂ ಇಂಥ ಜೋಡಿಯಿದೆ. "ಆಫ್ ಹಿಸ್ ಓನ್ ಬ್ಯಾಟ್" ಕ್ರಿಕೆಟ್ಟಿನದು, ಯಾರೂ ಹೇಳದೆ ತಾನಾಗಿಯೇ ಮಾಡಿದ ಎಂದು. "ರೈಟ್ ಆಫ್ ದ ಬ್ಯಾಟ್" ಬೇಸ್‌ಬಾಲ್‌ನದು, ಆ ಕ್ಷಣವೇ, ಶುರುವಿನಲ್ಲೇ ಎಂದು.

ಒಂದೇ ಭಾವಕ್ಕೆ ಎರಡು ದೇಶದಲ್ಲಿ ಎರಡು ಅಚ್ಚು ಇರುವುದು ಬಹಳ. ದೃಷ್ಟಿ ತಾಗದಿರಲಿ ಎಂಬಂತೆ ನಾವು ಹೇಳುವ "ಟಚ್ ವುಡ್" ಬ್ರಿಟಿಷ್, ಅಮೆರಿಕದಲ್ಲಿ "ನಾಕ್ ಆನ್ ವುಡ್". ಪೂರ್ತಿ ನಂಬಬೇಡಿ ಎನ್ನಲು ಬ್ರಿಟನ್ನಿನಲ್ಲಿ ಪಿಂಚ್ ಆಫ್ ಸಾಲ್ಟ್, ಅಮೆರಿಕದಲ್ಲಿ ಗ್ರೇನ್ ಆಫ್ ಸಾಲ್ಟ್. ತಪ್ಪನ್ನು ಮುಚ್ಚಿಹಾಕುವಾಗ ಬ್ರಿಟಿಷರು ಕಾರ್ಪೆಟ್ ಅಡಿಗೆ ಗುಡಿಸುತ್ತಾರೆ, ಅಮೆರಿಕದವರು ರಗ್ ಅಡಿಗೆ. ತನ್ನ ತುತ್ತೂರಿ ತಾನೇ ಊದುವುದಕ್ಕೆ ಬ್ರಿಟನ್ನಿನಲ್ಲಿ ಟ್ರಂಪೆಟ್, ಅಮೆರಿಕದಲ್ಲಿ ಹಾರ್ನ್. ಇವು ಅದಲುಬದಲಾದರೂ ಅರ್ಥ ತಿಳಿಯುತ್ತದೆ. "ಐ ಕುಡ್ ಕೇರ್ ಲೆಸ್" ಎಂದು ಅಮೆರಿಕದವರು ಹೇಳಿದರೆ, "ಐ ಕುಡನ್ಟ್ ಕೇರ್ ಲೆಸ್" ಎಂಬ ಮೂಲ ರೂಪದ "ನ್ಟ್" ಇಲ್ಲದಿದ್ದರೂ, ಅರ್ಥ ಅದೇ: ನನಗೇನೂ ಲೆಕ್ಕಕ್ಕಿಲ್ಲ.

ಅರ್ಥವೇ ತಿರುವುಮುರುವಾಗುವ ಪದ "ಟೇಬಲ್". ಬ್ರಿಟನ್ನಿನಲ್ಲಿ "ಲೆಟ್ಸ್ ಟೇಬಲ್ ಇಟ್" ಎಂದರೆ ಈಗಲೇ ಚರ್ಚೆಗೆ ತರೋಣ. ಸಂಸತ್ತಿನಲ್ಲಿ ಮಂಡಿಸುವುದಕ್ಕೆ ನಾವೂ ಅದೇ ಪದ ಬಳಸುತ್ತೇವೆ. ಅಮೆರಿಕದಲ್ಲಿ ಅದೇ ಮಾತಿಗೆ ಸದ್ಯಕ್ಕೆ ಬದಿಗಿಡೋಣ ಎಂದರ್ಥ. ಎರಡೂ ದೇಶದವರು ಕಾಲ್‌ನಲ್ಲಿದ್ದರೆ ಈ ಪದವನ್ನೇ ಬಿಟ್ಟು "ಡಿಸ್ಕಸ್ ನೌ" ಅಥವಾ "ಡಿಸ್ಕಸ್ ಲೇಟರ್" ಎನ್ನಿ. "ಪಿಸ್ಡ್" ಎಂಬ ಒರಟು ಮಾತು ಅಮೆರಿಕದಲ್ಲಿ ಸಿಟ್ಟಿಗೆ, ಬ್ರಿಟನ್ನಿನಲ್ಲಿ ಕುಡಿದ ಅಮಲಿಗೆ. ಕೇಳಿದಾಗ ತಿಳಿದರೆ ಸಾಕು, ಆಡುವುದು ಬೇಡ.

ಆಫೀಸಿನ ಮಾತು, ಅದರ ಹದ

"ಪುಶ್ ಬ್ಯಾಕ್" ಆದಮೇಲೆ ಒಂದು ಸಣ್ಣ "ಆನ್" ಇದೆಯೇ ಎಂದು ಕಿವಿಗೊಟ್ಟು ಕೇಳಿ. "ಪುಶ್ ಬ್ಯಾಕ್ ದ ಡೇಟ್" ಎಂದರೆ ದಿನಾಂಕ ಮುಂದಕ್ಕೆ ಹಾಕಿ, "ಪುಶ್ ಬ್ಯಾಕ್ ಆನ್ ದ ಡೇಟ್" ಎಂದರೆ ಆ ದಿನಾಂಕಕ್ಕೆ ಆಕ್ಷೇಪ ಎತ್ತಿ. "ಟೇಕ್ ಇಟ್ ಆಫ್‌ಲೈನ್" ಎಂದರೆ ಈ ಮೀಟಿಂಗ್ ಮುಗಿದ ಮೇಲೆ ಸಂಬಂಧಪಟ್ಟವರಷ್ಟೇ ಮಾತಾಡೋಣ. "ಐ ಹ್ಯಾವ್ ಎ ಹಾರ್ಡ್ ಸ್ಟಾಪ್ ಅಟ್ ಫೋರ್" ಎಂದವರು ನಾಲ್ಕಕ್ಕೆ ಎದ್ದೇ ಏಳುತ್ತಾರೆ, ಮುಖ್ಯ ವಿಷಯವನ್ನು 3:45ರೊಳಗೆ ಮುಗಿಸಿ. ಬ್ರಿಟಿಷರ "ಕ್ಲೋಸ್ ಆಫ್ ಪ್ಲೇ" ಕ್ರಿಕೆಟ್ಟಿನಿಂದ ಬಂದದ್ದು, ಕೆಲಸದ ದಿನ ಮುಗಿಯುವ ಹೊತ್ತು. ಅವರ ದಿನವೋ ನಿಮ್ಮ ದಿನವೋ ಎಂದು ಕೇಳಿಟ್ಟುಕೊಳ್ಳಬೇಕು.

"ದ ಬಾಲ್ ಈಸ್ ಇನ್ ಯುವರ್ ಕೋರ್ಟ್" ಟೆನಿಸ್ಸಿನದು. ಮುಂದಿನ ಹೆಜ್ಜೆ ನಿಮ್ಮದು ಎಂದು ತಂಡದವರಿಗೆ ಹೇಳಬಹುದು. ಕ್ಲೈಂಟಿಗೆ ಹೇಳಿದರೆ ಒತ್ತಾಯದಂತಾಗುತ್ತದೆ, "ವಿ ವಿಲ್ ವೇಟ್ ಟು ಹಿಯರ್ ಫ್ರಮ್ ಯು" ಮೃದು. "ಪಾಸ್ ದ ಬಕ್" ಎಂದರೆ ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದು. ಅಮೆರಿಕದ ಅಧ್ಯಕ್ಷರಾಗಿದ್ದ ಟ್ರೂಮನ್ ತಮ್ಮ ಮೇಜಿನ ಮೇಲೆ "ದ ಬಕ್ ಸ್ಟಾಪ್ಸ್ ಹಿಯರ್" ಎಂಬ ಫಲಕ ಇಟ್ಟುಕೊಂಡಿದ್ದರು, ಕೊನೆಯ ಹೊಣೆ ನನ್ನದು ಎಂದು. "ಬಕ್ ಸ್ಟಾಪ್ಸ್ ಹಿಯರ್" ಎಂದು ತನ್ನ ಬಗ್ಗೆ ಹೇಳಿಕೊಂಡರೆ ಗೌರವದ ಮಾತು, "ಪಾಸ್ ದ ಬಕ್" ಎಂದು ಇನ್ನೊಬ್ಬರ ಬಗ್ಗೆ ಹೇಳಿದರೆ ದೂಷಣೆ.

ಸಾವಿನ ಮನೆಯ ಮಾತಿಗೆ "ಕಿಕ್ಡ್ ದ ಬಕೆಟ್" ಎಂದೂ ಬಳಸಬಾರದು. "ಪಾಸ್ಡ್ ಅವೇ" ಒಂದೇ ಸುರಕ್ಷಿತ. "ಪವ್‌ವವ್" (ಮಾತುಕತೆಗೆ ಸೇರುವುದು), "ಲೋ ಮ್ಯಾನ್ ಆನ್ ದ ಟೋಟೆಮ್ ಪೋಲ್" (ಎಲ್ಲರಿಗಿಂತ ಕೆಳಗಿನ ಸ್ಥಾನದವನು) ಎಂಬಂಥವು ಅಮೆರಿಕದ ಮೂಲನಿವಾಸಿಗಳ ಆಚರಣೆಗಳನ್ನು ಹಗುರ ಮಾಡುತ್ತವೆ ಎಂಬ ಕಾರಣಕ್ಕೆ ಅಲ್ಲಿನ ಅನೇಕರು ಕೈಬಿಟ್ಟಿದ್ದಾರೆ. "ಓಪನ್ ದ ಕಿಮೋನೋ", ಅಂದರೆ ಒಳಗಿನ ಮಾಹಿತಿ ತೆರೆದಿಡುವುದು, ಎಂಬುದಂತೂ ಹೆಂಗಸರನ್ನೂ ಜಪಾನೀಯರನ್ನೂ ನೋಯಿಸುವ ಮಾತು. ಶಾಲೆಯಲ್ಲಿ ಕಲಿತ "ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್" ತಪ್ಪಲ್ಲ, ಹಳತಾಗಿದೆ. "ಇಟ್ಸ್ ಪೋರಿಂಗ್" ಎನ್ನುವವರೇ ಹೆಚ್ಚು.

ಕರಾರುಪತ್ರ, ಔಷಧದ ಸೂಚನೆ, ಹಣದ ಲೆಕ್ಕ, ಸುರಕ್ಷತೆಯ ನಿಯಮಗಳಲ್ಲಿ ನುಡಿಗಟ್ಟು ಬೇಡವೇ ಬೇಡ. ಜರ್ಮನಿ, ಜಪಾನಿನವರೂ ಇರುವ ಕಾಲ್‌ನಲ್ಲಿ ಆದಷ್ಟು ಕಡಿಮೆ ಮಾಡಿ, ಅವರಿಗೂ ಇಂಗ್ಲಿಷ್ ಕಲಿತ ಭಾಷೆ. ಒಂದೇ ಮೇಲ್‌ನಲ್ಲಿ ನಾಲ್ಕೈದು ತುರುಕಿದರೆ ಕಲಿತದ್ದನ್ನು ತೋರಿಸಿಕೊಳ್ಳುತ್ತಿದ್ದೀರಿ ಎನಿಸುತ್ತದೆ.

ಪಳಗಿಸುವ ದಾರಿ

ಮೊದಲ ಇಪ್ಪತ್ತಕ್ಕೆ ಎಲ್ಲ ದೇಶದಲ್ಲೂ ನಡೆಯುವಂಥವನ್ನೇ ಆರಿಸಿ. ಕೆಲಸಕ್ಕೆ ಬರುವಂಥವು: ಒಮ್ಮತಕ್ಕೆ "ಆನ್ ದ ಸೇಮ್ ಪೇಜ್", ವಿಷಯ ತಿಳಿಸುತ್ತಿರಿ ಎನ್ನಲು "ಕೀಪ್ ಮಿ ಇನ್ ದ ಲೂಪ್", ಇನ್ನೂ ತೀರ್ಮಾನವಾಗಿಲ್ಲ ಎನ್ನಲು "ಅಪ್ ಇನ್ ದಿ ಏರ್", ಮತ್ತೆ ಮೊದಲಿನಿಂದ ಎನ್ನಲು "ಬ್ಯಾಕ್ ಟು ಸ್ಕ್ವೇರ್ ಒನ್", ಗುಣಮಟ್ಟ ಬಿಟ್ಟು ಬೇಗ ಮುಗಿಸುವುದಕ್ಕೆ "ಕಟ್ ಕಾರ್ನರ್ಸ್". ಮಾತುಕತೆಗೆ: ಚುಟುಕಾಗಿ ಹೇಳುವಾಗ "ಲಾಂಗ್ ಸ್ಟೋರಿ ಶಾರ್ಟ್", ಇದ್ದಕ್ಕಿದ್ದಂತೆ ಎನ್ನಲು "ಔಟ್ ಆಫ್ ದ ಬ್ಲೂ", ಎರಡು ಮನಸ್ಸಿಗೆ "ಆನ್ ದ ಫೆನ್ಸ್", ಹೇಳಿ, ಕೇಳುತ್ತಿದ್ದೇನೆ ಎನ್ನಲು "ಐ ಆಮ್ ಆಲ್ ಇಯರ್ಸ್", ಒಳ್ಳೆಯದಾಗಲಿ ಎನ್ನಲು "ಫಿಂಗರ್ಸ್ ಕ್ರಾಸ್ಡ್". ಮೇಲೆ ಬಂದ "ಹೆಡ್ಸ್-ಅಪ್", "ಬಾಲ್‌ಪಾರ್ಕ್", "ಕಾಲ್ ಇಟ್ ಎ ಡೇ", "ಸ್ಲೀಪ್ ಆನ್ ಇಟ್", "ಅಂಡರ್ ದ ವೆದರ್" ಸೇರಿದರೆ ಹದಿನೈದು. ಉಳಿದ ಐದು ನಿಮ್ಮ ಕಿವಿಗೆ ಪದೇಪದೇ ಬೀಳುವಂಥವಿರಲಿ. ವಾರಕ್ಕೆ ಎರಡು ಸಾಕು.

ಹುಡುಕುವಾಗ ಕೇಂಬ್ರಿಜ್, ಲಾಂಗ್‌ಮನ್, ಮೆರಿಯಮ್-ವೆಬ್‌ಸ್ಟರ್ ನಿಘಂಟುಗಳು ಜಾಲದಲ್ಲಿ ಉಚಿತವಾಗಿವೆ. ಅರ್ಥದ ಪಕ್ಕದ ಗುರುತನ್ನು ಓದಿ: ಇನ್‌ಫಾರ್ಮಲ್, ಓಲ್ಡ್-ಫ್ಯಾಶನ್ಡ್, ಅಫೆನ್ಸಿವ್, ಬ್ರಿಟಿಷ್, ಅಮೆರಿಕನ್. ಓಲ್ಡ್-ಫ್ಯಾಶನ್ಡ್ ಎಂದಿದ್ದರೆ ತಿಳಿದುಕೊಂಡು ಬಿಟ್ಟುಬಿಡಿ. ಪುಸ್ತಕಗಳಲ್ಲಿ ಪದಬಳಕೆಯ ಏರಿಳಿತ ತೋರಿಸುವ ಗೂಗಲ್ ಎನ್‌ಗ್ರಾಮ್‌ನಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಪುಸ್ತಕಗಳನ್ನು ಬೇರೆಬೇರೆಯಾಗಿ ಆರಿಸಿ ಯಾವ ರೂಪ ಎಲ್ಲಿ ಹೆಚ್ಚು ಎಂದು ನೋಡಬಹುದು. ಯೂಗ್ಲಿಶ್‌ನಲ್ಲಿ ನುಡಿಗಟ್ಟು ಬರೆದರೆ ಜನ ಅದನ್ನು ಆಡಿದ ವಿಡಿಯೊ ತುಣುಕುಗಳೇ ಸಿಗುತ್ತವೆ, ದೇಶವನ್ನೂ ಆರಿಸಬಹುದು.

ಉಚ್ಚಾರಕ್ಕೆ ಆ ತುಣುಕುಗಳೇ ಗುರು. ನಾವು ಪ್ರತಿ ಪದಕ್ಕೂ ಸಮನಾದ ತೂಕ ಕೊಡುತ್ತೇವೆ. ಅವರು ಇಡೀ ಗಟ್ಟನ್ನು ಒಂದೇ ಉಸಿರಿನಲ್ಲಿ ಆಡಿ, ಸಾಮಾನ್ಯವಾಗಿ ಕೊನೆಯ ಮುಖ್ಯ ಪದಕ್ಕೆ ಒತ್ತು ಹಾಕುತ್ತಾರೆ. "ಪೀಸ್ ಆಫ್ ಕೇಕ್" ಎಂಬುದು "ಪೀಸ-ಕೇಕ್" ಎಂಬಂತೆ ಕೇಳಿ, ಒತ್ತು ಕೇಕ್ ಮೇಲೆ ಕೂರುತ್ತದೆ. ಪದದ ಕೊನೆಗೆ ಉಕಾರ ಸೇರಿಸಿ "ಟಚ್ಚು ಬೇಸು" ಎಂದರೆ ಆ ಒಂದು ಉಸಿರು ತುಂಡಾಗಿ ಎದುರಿನವರಿಗೆ ಹೊಳೆಯುವುದು ತಡವಾಗುತ್ತದೆ. ಒಂದು ತುಣುಕು ಕೇಳಿ, ನಿಲ್ಲಿಸಿ, ಅದೇ ಲಯದಲ್ಲಿ ಐದು ಸಲ ಹೇಳಿ.

ಟಿಪ್ಪಣಿ ಪುಸ್ತಕದಲ್ಲಿ ಒಂದು ನುಡಿಗಟ್ಟಿಗೆ ಒಂದು ಪುಟ. ಅರ್ಥವನ್ನು ಕೊನೆಗೆ ಬರೆಯಿರಿ. ಮೊದಲು ಕೇಳಿದ ವಾಕ್ಯ ಪೂರ್ತಿ, ಆಮೇಲೆ ಯಾರು ಯಾರಿಗೆ ಹೇಳಿದರು, ಯಾವ ದೇಶದವರು, ಕೇಳಿದವರು ಏನು ಉತ್ತರ ಕೊಟ್ಟರು. ಅದರ ಕೆಳಗೆ ನಿಮ್ಮ ಕೆಲಸಕ್ಕೆ ಹೊಂದುವ ಒಂದು ಸ್ವಂತ ವಾಕ್ಯ. ಆ ವಾಕ್ಯವನ್ನು ಮೊದಲು ಸಹೋದ್ಯೋಗಿಯೊಡನೆ ಚಾಟ್‌ನಲ್ಲಿ ಬಳಸಿ, ಆಮೇಲೆ ಕಾಲ್‌ನಲ್ಲಿ, ಕೊನೆಗೆ ಕ್ಲೈಂಟಿನ ಮುಂದೆ. ಯಾರಾದರೂ ಕ್ಷಣ ತಡೆದು "ಯು ಮೀನ್..." ಎಂದು ಬೇರೆ ಮಾತಿನಲ್ಲಿ ಹೇಳಿದರೆ ಅದು ತಿದ್ದುಪಡಿ. ಅವರು ಬಳಸಿದ ಪದಗಳನ್ನೇ ಅದೇ ಪುಟದಲ್ಲಿ ಬರೆದುಕೊಂಡು, ಮುಂದಿನ ಸಲ ಹಾಗೆಯೇ ಹೇಳಿ.